ಹಳೇ ಫೋನ್ ಯಾರ ಕೈಗೆ? ಹೊಸದನ್ನು ಬುಕ್ ಮಾಡುವ ಮುಂಚೆ ಇದನ್ನು ತೀರ್ಮಾನಿಸಿ

ಹೋದ ಮಳೆಗಾಲದಲ್ಲಿ ಆಲ್ದೂರು ಕಡೆಯ ನಮ್ಮ ಚಿಕ್ಕಪ್ಪ ಆನ್‌ಲೈನ್‌ನಲ್ಲಿ ಹೊಸ ಮೊಬೈಲ್ ಬುಕ್ ಮಾಡಿದ್ದರು. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಹಾಕಿದ್ದರಿಂದ ₹3,200 ಕಡಿಮೆಯಾಗಿತ್ತು. ಡೆಲಿವರಿ ಹುಡುಗ ಬಂದಾಗ ನಾನೂ ಅಲ್ಲೇ ಇದ್ದೆ. ರೈನ್‌ಕೋಟಿನಿಂದ ಜಗಲಿ ತುಂಬಾ ನೀರು ತೊಟ್ಟಿಕ್ಕುತ್ತಿತ್ತು. "ಸಾರ್, ಹಳೇ ಫೋನ್ ಲಾಕ್ ತೆಗೆದು, ರೀಸೆಟ್ ಮಾಡಿ ಕೊಡಿ. ಇನ್ನೂ ಆರು ಮನೆಗೆ ಹೋಗ್ಬೇಕು" ಎಂದ. ಹೊಸ ಫೋನ್ ಇನ್ನೂ ಡಬ್ಬದ ಒಳಗೇ ಇತ್ತು. ಹುಡುಗನನ್ನು ಮಳೆಯಲ್ಲಿ ಕಾಯಿಸುವುದು ಬೇಡ ಅಂತ ಚಿಕ್ಕಪ್ಪ, ಫೋನಿನಲ್ಲಿರುವುದನ್ನೆಲ್ಲ ಅಳಿಸಿಹಾಕುವ ಆ ರೀಸೆಟ್ ಒತ್ತಿಯೇಬಿಟ್ಟರು.

ಸಂಜೆ ಹೊಸ ಫೋನಿನಲ್ಲಿ ವಾಟ್ಸಾಪ್ ತೆರೆದಾಗ ಎಂಟು ತಿಂಗಳ ಹಿಂದಿನ ಬ್ಯಾಕಪ್ ಮಾತ್ರ ಬಂತು. ಗೂಗಲ್ ಜಾಗ ತುಂಬಿ ಹೋಗಿದ್ದರಿಂದ ಆಮೇಲಿನದ್ದು ಉಳಿದೇ ಇರಲಿಲ್ಲ. ಆ ಎಂಟು ತಿಂಗಳಲ್ಲಿ ಕಾಫಿ ಕುಯ್ಲಿನ ಲೆಕ್ಕ ಇತ್ತು, ಆಳುಗಳಿಗೆ ಕೊಟ್ಟ ಮುಂಗಡ ಇತ್ತು. ಎಲ್ಲವನ್ನೂ ಅವರು ತಮಗೆ ತಾವೇ ಮೆಸೇಜ್ ಹಾಕಿಕೊಂಡು ಇಟ್ಟಿದ್ದರು. ಅಜ್ಜಿ ಆಸ್ಪತ್ರೆಯಿಂದ ಕಳಿಸಿದ ನಾಲ್ಕು ವಾಯ್ಸ್ ಮೆಸೇಜ್‌ಗಳೂ ಅದರಲ್ಲೇ ಇದ್ದವು. ಅಜ್ಜಿ ಈಗಿಲ್ಲ.

ಅಂದಿನಿಂದ ಯಾರಾದರೂ "ಯಾವ ಫೋನ್ ತಗೊಳ್ಳಲಿ?" ಎಂದು ಕೇಳಿದರೆ ನಾನು ಮೊದಲು ಕೇಳುವುದು "ಹಳೇದನ್ನ ಏನ್ ಮಾಡ್ತೀರಿ?" ಅಂತ. ಹಳೇ ಫೋನ್ ಎಲ್ಲಿಗೆ ಹೋಗುತ್ತದೆ ಎನ್ನುವುದರ ಮೇಲೆ ಡೇಟಾವನ್ನು ಹೇಗೆ ಸಾಗಿಸಬೇಕು, ಯಾವಾಗ ಅಳಿಸಬೇಕು, ಅದಕ್ಕೆ ನಮಗೆ ಎಷ್ಟು ದಿನ ಸಿಗುತ್ತದೆ ಎಲ್ಲವೂ ನಿಂತಿದೆ. ನಾವು ಮಾತ್ರ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ನೋಡಿ ಬುಕ್ ಮಾಡಿ, ಇದನ್ನು ಕೊನೆಗೆ ಬಿಟ್ಟಿರುತ್ತೇವೆ.

ಫೋನಿನಲ್ಲಿ ಅಂಥದ್ದೇನಿದೆ ಅನ್ನಿಸಿದರೆ ಒಂದು ಕೆಲಸ ಮಾಡಿ. ಗೂಗಲ್ ಫೋಟೋಸ್ ತೆರೆದು, ಇಂಗ್ಲಿಷ್ ಅಕ್ಷರದಲ್ಲಿ ಆಧಾರ್ ಎಂದು ಟೈಪ್ ಮಾಡಿ ಹುಡುಕಿ. ಚಿತ್ರದೊಳಗಿನ ಅಕ್ಷರವನ್ನೂ ಅದು ಓದುತ್ತದೆ. ಚಿಕ್ಕಮ್ಮನ ಫೋನಿನಲ್ಲಿ ಹೀಗೆ ಹುಡುಕಿದಾಗ ಮನೆಯ ನಾಲ್ಕೂ ಜನರ ಆಧಾರ್ ಕಾರ್ಡ್ ಎರಡೂ ಬದಿ ಸಿಕ್ಕಿತು. ಪಾಸ್‌ಬುಕ್ಕಿನ ಮೊದಲ ಪುಟ, ಪಹಣಿ, ಮಗಳ ಮಾರ್ಕ್ಸ್ ಕಾರ್ಡ್, ಮಗನಿಗೆ ಕಳಿಸಲು ತೆಗೆದ ಎಟಿಎಂ ಕಾರ್ಡಿನ ಫೋಟೋ ಕೂಡ ಇದ್ದವು. ಕಾಂಟ್ಯಾಕ್ಟ್ಸ್‌ನಲ್ಲಿ "ಗೇಟ್ ಬೀಗ" ಎಂಬ ಹೆಸರಿಗೆ ನಾಲ್ಕೇ ಅಂಕಿಯ ನಂಬರ್ ಇತ್ತು. ಅದು ಎಟಿಎಂ ಪಿನ್. ನಮಗೆ ಹುಡುಕಲು ಎರಡು ನಿಮಿಷ ಬೇಕಾಯಿತು. ಬೇರೆಯವರಿಗೂ ಅಷ್ಟೇ ಸಾಕು.

ಹಳೇ ಫೋನ್ ಹೋಗುವ ದಾರಿಗಳು

ಆನ್‌ಲೈನ್ ಎಕ್ಸ್‌ಚೇಂಜ್‌ನಲ್ಲಿ ತಲೆನೋವು ಕಡಿಮೆ. ಬೆಲೆ ಮೊದಲೇ ಗೊತ್ತಿರುತ್ತದೆ, ಮನೆ ಬಾಗಿಲಿಗೇ ಬಂದು ಒಯ್ಯುತ್ತಾರೆ. ಆದರೆ ಹೊಸದು ಕೈಗೆ ಬರುವ ಹೊತ್ತಿಗೇ ಹಳೆಯದು ಹೋಗಬೇಕು. ಎರಡೂ ಫೋನ್ ಪಕ್ಕಪಕ್ಕ ಇಟ್ಟುಕೊಂಡು ಸಾಗಿಸಲು ಆಗುವುದಿಲ್ಲ. ಹಾಗಾಗಿ ಈ ದಾರಿ ಹಿಡಿಯುವವರು ಡೆಲಿವರಿಗೆ ಎರಡು ದಿನ ಮುಂಚೆಯೇ ಎಲ್ಲವನ್ನೂ ಕ್ಲೌಡ್‌ಗೋ (ನೆಟ್ ಮೂಲಕ ಗೂಗಲ್, ಆಪಲ್‌ನಂಥ ಕಂಪನಿಯ ಸರ್ವರ್‌ನಲ್ಲಿ ಸಿಗುವ ಜಾಗ) ಕಂಪ್ಯೂಟರ್‌ಗೋ ಹಾಕಿ, ಅಲ್ಲಿ ತೆರೆದು ನೋಡಿ ಖಾತ್ರಿ ಮಾಡಿಕೊಂಡಿರಬೇಕು. ನೆಟ್ ಸರಿಯಾಗಿ ಸಿಗದ ತೋಟದ ಮನೆಗಳಿಗೆ ಇದು ಹೊಂದುವುದಿಲ್ಲ. ಮಲೆನಾಡಿನ ಜೂನ್, ಜುಲೈನಲ್ಲಂತೂ ನಾನು ಬೇಡ ಅಂತಲೇ ಹೇಳುತ್ತೇನೆ. ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ, ಟವರ್ ಬ್ಯಾಟರಿಯೂ ಮುಗಿದರೆ ಬ್ಯಾಕಪ್ ಮಾಡುವುದಾದರೂ ಹೇಗೆ?

ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲೋ ಹಾಸನದ ಬಿ.ಎಂ. ರಸ್ತೆಯಲ್ಲೋ ಗುರುತಿನ ಅಂಗಡಿಯಲ್ಲಿ ಕೊಂಡರೆ ಬೆಲೆ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಆದರೆ ಅಲ್ಲಿ ಮಾತಾಡಲು ಆಗುತ್ತದೆ. "ಹೊಸದು ಇವತ್ತು ತಗೊಂಡು ಹೋಗ್ತೀನಿ, ಹಳೇದನ್ನ ಮುಂದಿನ ವಾರ ತಂದುಕೊಡ್ತೀನಿ, ಈಗಲೇ ರೇಟ್ ಹೇಳಿ" ಎಂದು ಕೇಳಿ ನೋಡಿ. ಗುರುತಿದ್ದವರು ಒಪ್ಪುವ ಸಾಧ್ಯತೆ ಇದೆ. ಆ ಒಂದು ವಾರ ಸಿಗುವುದಾದರೆ ಐನೂರು ರೂಪಾಯಿ ಕಡಿಮೆ ಸಿಕ್ಕರೂ ನಾನು ಅಂಗಡಿಯನ್ನೇ ಆರಿಸುತ್ತೇನೆ. ಬ್ಯಾಂಕ್ ಆಪ್ ಓಪನ್ ಆಗುತ್ತಿಲ್ಲ, ಯಾವುದೋ ಫೋಲ್ಡರ್ ಬಂದಿಲ್ಲ ಎಂಬುದೆಲ್ಲ ತಿಳಿಯುವುದು ಮೂರನೇ ದಿನವೋ ನಾಲ್ಕನೇ ದಿನವೋ.

ಮನೆಯವರಿಗೇ ಕೊಡುವುದು ಇನ್ನೊಂದು ದಾರಿ. ಎಚ್ಚರ ಅತಿ ಕಡಿಮೆ ಇರುವುದು ಇಲ್ಲೇ. "ನಮ್ಮ ಹುಡುಗನೇ ಅಲ್ವಾ" ಅಂತ ರೀಸೆಟ್ ಮಾಡದೆ ಸಿಮ್ ಒಂದನ್ನು ತೆಗೆದು ಕೊಡುತ್ತಾರೆ. ನಿಮ್ಮ ಗೂಗಲ್ ಖಾತೆ ಅದರಲ್ಲೇ ಉಳಿದರೆ ಅವನು ತೆಗೆದ ಫೋಟೋ ನಿಮ್ಮ ಫೋನಿಗೆ ಬರುತ್ತದೆ, ನಿಮ್ಮ ಮೇಲ್ ಅವನಿಗೆ ಕಾಣುತ್ತದೆ. ಅವನ ಸ್ನೇಹಿತ ಆಟಕ್ಕೆ ಫೋನ್ ತೆಗೆದುಕೊಂಡಾಗ ಅವನಿಗೂ ಕಾಣುತ್ತದೆ. ಆಮೇಲೆ ಆ ಫೋನ್ ಮಾರಿದರಂತೂ ಕೊಂಡವನಿಗೂ ಸಿಗುತ್ತದೆ. ಮಗನಿಗಾಗಲಿ, ತೋಟದ ಲೆಕ್ಕ ಬರೆಯುವ ರೈಟರ್‌ಗಾಗಲಿ, ಹೊರಗಿನವರಿಗೆ ಮಾರುವಾಗ ಅಳಿಸುವ ಹಾಗೆಯೇ ಅಳಿಸಿ ಕೊಡಿ. ಅವರವರ ಖಾತೆ ಅವರವರಿಗಿರಲಿ.

ಬೀರುವಿನಲ್ಲಿ ಇಟ್ಟುಕೊಳ್ಳುವುದು ಡೇಟಾ ದೃಷ್ಟಿಯಿಂದ ಒಳ್ಳೆಯದೇ. ಆದರೆ ಅದಕ್ಕೂ ಲಾಕ್ ಇರಲಿ, ಬ್ಯಾಂಕ್ ಆಪ್‌ಗಳು ಬೇಡ. ಭದ್ರತಾ ಅಪ್‌ಡೇಟ್ ನಿಂತುಹೋದ ಫೋನಿನಲ್ಲಿ ಹಣದ ವ್ಯವಹಾರ ಮಾಡಬಾರದು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿದ್ದರೆ ಮನೆಯಲ್ಲಿ ಇಡಲೇಬೇಡಿ.

ಬೀದಿಯಲ್ಲಿ "ಹಳೇ ಮೊಬೈಲ್ ಕೊಡಿ, ಪ್ಲಾಸ್ಟಿಕ್ ಬುಟ್ಟಿ ತಗೊಳ್ಳಿ" ಎಂದು ಬರುವವರಿಗೆ ಮಾತ್ರ ಕೊಡಬೇಡಿ. 2024ರಲ್ಲಿ ತೆಲಂಗಾಣದ ರಾಮಗುಂಡಂ ಪೊಲೀಸರು ಹೀಗೆ ಹಳ್ಳಿಗಳಿಂದ ಕೂಡಿಸಿದ ಸಾವಿರಾರು ಹಳೇ ಫೋನ್‌ಗಳನ್ನು ಹಿಡಿದಿದ್ದರು. ಸೈಬರ್ ವಂಚನೆ ಮಾಡುವವರಿಗೆ ಅವನ್ನು ಮಾರಲಾಗುತ್ತಿತ್ತು ಎಂಬುದು ಪೊಲೀಸರ ಆರೋಪ. ಕೆಟ್ಟುಹೋದ ಫೋನ್ ಎಂದರೆ ನಮಗೆ ಕಸ. ಆದರೆ ಸ್ಕ್ರೀನ್ ಒಡೆದಿದ್ದರೂ ಒಳಗಿನ ಬೋರ್ಡ್ ಚೆನ್ನಾಗಿರಬಹುದು. ನಿಮ್ಮ ಹೆಸರಿನ ಬಿಲ್‌ನಲ್ಲಿರುವ ಐಎಂಇಐ ನಂಬರ್, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ಕೂಡ ಅದರಲ್ಲೇ ಇರುತ್ತದೆ.

ಸಾಗಿಸುವುದು: ಕೇಬಲ್, ಕ್ಲೌಡ್, ಅಂಗಡಿ

ಎರಡೂ ಫೋನ್ ಕೈಯಲ್ಲಿದ್ದರೆ ಕೇಬಲ್ಲೇ ಒಳ್ಳೆಯದು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಎರಡೂ ಬದಿ ಟೈಪ್-ಸಿ ಇರುವ ಕೇಬಲ್ ಸಿಕ್ಕಿಸಿದರೆ, ಹೊಸ ಆಂಡ್ರಾಯ್ಡ್ ಫೋನ್ ಮೊದಲ ಸಲ ಆನ್ ಮಾಡುವಾಗಲೇ "ಹಳೇ ಫೋನಿನಿಂದ ತರಲೇ?" ಎಂದು ಕೇಳುತ್ತದೆ. ಫೋಟೋ, ಕಾಂಟ್ಯಾಕ್ಟ್, ಎಸ್‌ಎಂಎಸ್ ಎಲ್ಲ ಒಂದರಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತವೆ. ನಡುವೆ ಯಾರ ಸರ್ವರ್ ಕೂಡ ಇಲ್ಲ, ನೆಟ್ ಪ್ಯಾಕ್ ಖರ್ಚಿಲ್ಲ. ಕೇಬಲ್ ಇಲ್ಲದಿದ್ದರೆ ಸ್ಯಾಮ್‌ಸಂಗ್‌ನ ಸ್ಮಾರ್ಟ್ ಸ್ವಿಚ್, ವಿವೋದ ಈಸಿಶೇರ್ ಥರದ ಕಂಪನಿ ಆಪ್‌ಗಳು ವೈಫೈ ಮೂಲಕ ಇದೇ ಕೆಲಸ ಮಾಡುತ್ತವೆ. ಹಳೇ ಫೋನಿನಲ್ಲಿ ನೀವು ಬಳಸುತ್ತಿದ್ದ ಆಪ್‌ಗಳು ಮಾತ್ರ ಸಾಮಾನ್ಯವಾಗಿ ಪ್ಲೇ ಸ್ಟೋರ್‌ನಿಂದಲೇ ಇಳಿಯಬೇಕು, ಅದಕ್ಕೆ ನೆಟ್ ಬೇಕು. ಪ್ಲೇ ಸ್ಟೋರ್‌ನಲ್ಲಿ "ಡೇಟಾ ಟ್ರಾನ್ಸ್‌ಫರ್" ಅಂತ ಹುಡುಕಿ ಸಿಕ್ಕಿದ್ದನ್ನು ಹಾಕಿಕೊಳ್ಳಬೇಡಿ. ಕಾಂಟ್ಯಾಕ್ಟ್, ಮೆಸೇಜ್, ಫೈಲ್ ಎಲ್ಲಕ್ಕೂ ಒಪ್ಪಿಗೆ ಪಡೆಯುವ ಆಪ್ ಅದು. ಯಾರು ಮಾಡಿದ್ದೆಂದು ಗೊತ್ತಿಲ್ಲದೆ ಅಷ್ಟೊಂದು ಕೊಡಬಾರದು.

ಕ್ಲೌಡ್ ಬೇಕಾಗುವುದು ಎಕ್ಸ್‌ಚೇಂಜ್ ಮಾಡುವವರಿಗೆ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಎಲ್ಲಕ್ಕೂ ಸೇರಿ ಅಷ್ಟೇ. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಇದರಲ್ಲೇ ಲೆಕ್ಕ. ತುಂಬಿದ ಮೇಲೆ ಬ್ಯಾಕಪ್ ನಿಂತುಬಿಡುತ್ತದೆ, ಚಿಕ್ಕಪ್ಪನಿಗೆ ಆಗಿದ್ದು ಅದೇ. ಇನ್ನೊಂದು ವಿಷಯ: ಫೋನಿನ ಬ್ಯಾಕಪ್ ಆನ್ ಇದ್ದ ಮಾತ್ರಕ್ಕೆ ಫೋಟೋ ಹೋಗುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಬೇರೆಯಾಗಿ ಆನ್ ಮಾಡಬೇಕು. ಡೌನ್‌ಲೋಡ್ಸ್ ಫೋಲ್ಡರಿನ ಪಿಡಿಎಫ್‌ಗಳು, ಕಾಲ್ ರೆಕಾರ್ಡಿಂಗ್‌ಗಳು ಸಾಮಾನ್ಯವಾಗಿ ಎರಡರಲ್ಲೂ ಬರುವುದಿಲ್ಲ. ಅವನ್ನು ಪೆನ್‌ಡ್ರೈವ್‌ಗೋ ಕಂಪ್ಯೂಟರ್‌ಗೋ ಹಾಕಿಕೊಳ್ಳಿ. ಹಳೇ ಫೋನಿನ ಪಿನ್ ಅಥವಾ ಪ್ಯಾಟರ್ನ್ ಕೂಡ ನೆನಪಿರಲಿ. ಗೂಗಲ್ ಬ್ಯಾಕಪ್ ವಾಪಸ್ ತರುವಾಗ ಅದನ್ನು ಕೇಳುತ್ತದೆ.

ಐಫೋನ್ ಇರುವವರಿಗೆ ಇದು ಸ್ವಲ್ಪ ಸುಲಭ. ಐಕ್ಲೌಡ್‌ನಲ್ಲಿ ಉಚಿತ ಜಾಗ 5 ಜಿಬಿ ಮಾತ್ರ. ಆದರೆ ಹೊಸ ಐಫೋನಿಗೆ ಬದಲಾಗುವವರಿಗೆ ಆಪಲ್ ತಾತ್ಕಾಲಿಕವಾಗಿ ಬೇಕಾದಷ್ಟು ಜಾಗವನ್ನು ಉಚಿತವಾಗಿ ಕೊಡುತ್ತದೆ, ಬ್ಯಾಕಪ್ 21 ದಿನ ಇರುತ್ತದೆ. ಸೆಟ್ಟಿಂಗ್ಸ್, ಜನರಲ್, ಟ್ರಾನ್ಸ್‌ಫರ್ ಆರ್ ರೀಸೆಟ್ ಎಂಬಲ್ಲಿ ಸಿಗುತ್ತದೆ. ಎರಡೂ ಐಫೋನ್ ಕೈಯಲ್ಲಿದ್ದರೆ ಪಕ್ಕಪಕ್ಕ ಇಟ್ಟು ನೇರವಾಗಿಯೇ ಸಾಗಿಸಬಹುದು.

ಅಂಗಡಿಯಲ್ಲಿ "ನಾವೇ ಹಾಕಿಕೊಡ್ತೀವಿ, ಬಿಟ್ಟು ಹೋಗಿ" ಎನ್ನುತ್ತಾರೆ. ಒಮ್ಮೆ ಒಂದು ಕೌಂಟರ್ ಮೇಲೆ ನೋಡಿದೆ. ಏಳೆಂಟು ಫೋನ್‌ಗಳು ಸಾಲಾಗಿದ್ದವು. ಪ್ರತಿಯೊಂದರ ಬೆನ್ನಿಗೂ ಒಂದು ಬಿಳಿ ಚೀಟಿ. ಚೀಟಿಯಲ್ಲಿ ಹೆಸರು, ಮೊಬೈಲ್ ನಂಬರ್, ಪಕ್ಕದಲ್ಲೇ ಒಂಬತ್ತು ಚುಕ್ಕಿ ಹಾಕಿ ಪ್ಯಾಟರ್ನ್ ಬಿಡಿಸಿದ್ದರು. ಬಂದ ಗಿರಾಕಿಗಳೆಲ್ಲ ಅದನ್ನು ಓದಬಹುದಿತ್ತು. ಅಂಗಡಿಯವರು ಕೆಟ್ಟವರು ಅಂತಲ್ಲ, ಕೆಲಸದ ಅನುಕೂಲಕ್ಕೆ ಹಾಗೆ ಮಾಡಿಕೊಂಡಿರುತ್ತಾರೆ. ಆದರೆ ನಿಮ್ಮ ಫೋನ್ ಮೂರು ಗಂಟೆ ಲಾಕ್ ಇಲ್ಲದೆ ಅಲ್ಲಿರುತ್ತದೆ. ನಿಮಗೆ ಮಾಡಲು ಬರದಿದ್ದರೆ ಅಂಗಡಿಯಲ್ಲೇ ಎದುರಿಗೆ ಕೂತು ಮಾಡಿಸಿಕೊಳ್ಳಿ. ಪಿನ್ ಕೇಳಿದಾಗಲೆಲ್ಲ ನೀವೇ ಒತ್ತಿ. ಬಿಟ್ಟು ಬರಲೇಬೇಕಾದರೆ ಪಿನ್ ಬದಲಿಸಿ ಕೊಟ್ಟು, ವಾಪಸ್ ಬಂದ ಮೇಲೆ ಮತ್ತೆ ಬದಲಿಸಿ.

ವಾಟ್ಸಾಪ್ ಒಂದು ಬೇರೆಯೇ ಕೆಲಸ

ಉಳಿದ ಎಲ್ಲ ಬಂದರೂ ವಾಟ್ಸಾಪ್ ಬರುವುದಿಲ್ಲ ಎಂಬ ದೂರನ್ನೇ ನಾನು ಜಾಸ್ತಿ ಕೇಳಿದ್ದೇನೆ. ಎರಡು ದಾರಿ ಇವೆ.

ಎರಡೂ ಫೋನ್ ಕೈಯಲ್ಲಿದ್ದು, ಎರಡೂ ಆಂಡ್ರಾಯ್ಡ್ ಇಲ್ಲವೇ ಎರಡೂ ಐಫೋನ್ ಆಗಿದ್ದರೆ ಸೆಟ್ಟಿಂಗ್ಸ್, ಚಾಟ್ಸ್, ಟ್ರಾನ್ಸ್‌ಫರ್ ಚಾಟ್ಸ್ ಎಂಬಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೇರವಾಗಿ ದಾಟಿಸಬಹುದು. 2023ರಲ್ಲಿ ಬಂದ ಸೌಲಭ್ಯ ಇದು. ಕ್ಲೌಡ್ ಬೇಕಿಲ್ಲ, ಜಾಗದ ಚಿಂತೆ ಇಲ್ಲ. ಹಳೇ ಫೋನ್ ನಿಮ್ಮ ಬಳಿಯೇ ಇದ್ದರೆ ಇದೇ ಸಾಕು.

ಇಲ್ಲದಿದ್ದರೆ ಗೂಗಲ್ ಡ್ರೈವ್ ಬ್ಯಾಕಪ್. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ವಾಟ್ಸಾಪ್ ಮಾತುಕತೆ ಬೇರೆ ಯಾರಿಗೂ ಓದಲು ಆಗದಂತೆ ಬೀಗ ಹಾಕಿಕೊಂಡು ಹೋಗುತ್ತದೆ ನಿಜ. ಆದರೆ ಬ್ಯಾಕಪ್‌ಗೆ ಆ ಬೀಗ ತಾನಾಗಿ ಬೀಳುವುದಿಲ್ಲ. ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ ಎಂಬುದನ್ನು ನೀವೇ ಆನ್ ಮಾಡಬೇಕು. 2021ರಿಂದಲೇ ಇದೆ. ಪಾಸ್‌ವರ್ಡ್ ಕೊಡಬಹುದು, ಇಲ್ಲವೇ 64 ಅಂಕಿ ಅಕ್ಷರಗಳ ಕೀ ಬರೆದುಕೊಳ್ಳಬಹುದು. ಮರೆತರೆ ವಾಟ್ಸಾಪ್‌ನವರಿಗೂ ತೆರೆಯಲು ಆಗದು. ಪಾಸ್‌ವರ್ಡ್ ಮರೆಯುವ ಅಭ್ಯಾಸ ಇರುವ ಹಿರಿಯರಿಗೆ ನಾನು ಕ್ಯೂಆರ್ ದಾರಿಯನ್ನೇ ಹೇಳುತ್ತೇನೆ.

ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಹೋಗುವವರಿಗೆ ಗೂಗಲ್ ಡ್ರೈವ್ ಬ್ಯಾಕಪ್ ಉಪಯೋಗಕ್ಕೆ ಬರುವುದಿಲ್ಲ. ಹಳೇ ಫೋನಿನಲ್ಲಿ ಮೂವ್ ಟು ಐಓಎಸ್ ಆಪ್ ಹಾಕಿ, ಐಫೋನ್ ಮೊದಲ ಸಲ ಸೆಟ್ ಮಾಡುವಾಗಲೇ ದಾಟಿಸಿ. ಅಂದರೆ ಎರಡೂ ಫೋನ್ ಕೈಯಲ್ಲಿ ಇರಲೇಬೇಕು. ಇವರಿಗೆ ಆನ್‌ಲೈನ್ ಎಕ್ಸ್‌ಚೇಂಜ್ ಬೇಡ.

ತಾನಾಗಿ ಬಾರದಿರುವವು

ಯುಪಿಐ ಆಪ್‌ಗಳನ್ನು ಹೊಸ ಫೋನಿನಲ್ಲಿ ಮತ್ತೆ ನೋಂದಾಯಿಸಬೇಕು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿದ್ದು, ಅದರಿಂದ ಒಂದು ಎಸ್‌ಎಂಎಸ್ ಹೋಗಬೇಕು. ಹೊಸ ಫೋನಿನಲ್ಲಿ ಮೊದಲ ಒಂದು ದಿನ ಕಳಿಸುವ ಹಣಕ್ಕೆ ಮಿತಿ ಕಡಿಮೆ ಇರುತ್ತದೆ. ಆದ್ದರಿಂದ ಬಟವಾಡೆ ದಿನ ಫೋನ್ ಬದಲಿಸಬೇಡಿ. ಇಪ್ಪತ್ತು ಆಳುಗಳು ಕೂಲಿಗೆ ಕಾಯುತ್ತಿರುವಾಗ ಹಣ ಹೋಗದಿದ್ದರೆ ಏನು ಮಾಡುತ್ತೀರಿ?

ಲಾಗಿನ್ ಆಗುವಾಗ ಬೇಕಾಗುವ ಕೋಡ್ ತೋರಿಸುವ ಗೂಗಲ್ ಅಥೆಂಟಿಕೇಟರ್ ಆಪ್ ಬಳಸುವವರು ಅದನ್ನು ಖಾತೆಗೆ ಸಿಂಕ್ ಮಾಡಿದ್ದೀರಾ ನೋಡಿಕೊಳ್ಳಿ. 2023ಕ್ಕಿಂತ ಮುಂಚೆ ಆ ಸೌಲಭ್ಯವೇ ಇರಲಿಲ್ಲ, ಕೋಡ್‌ಗಳು ಫೋನಿನಲ್ಲಿ ಮಾತ್ರ ಇರುತ್ತಿದ್ದವು. ಗೂಗಲ್ ಫೋಟೋಸ್‌ನ ಲಾಕ್ಡ್ ಫೋಲ್ಡರ್ ಇನ್ನೊಂದು. ಅದಕ್ಕೆ ಬ್ಯಾಕಪ್ ಆನ್ ಮಾಡಿಲ್ಲದಿದ್ದರೆ ರೀಸೆಟ್ ಆದ ಕೂಡಲೇ ಒಳಗಿದ್ದದ್ದು ಹೋಯಿತು. ಬೇರೆ ಕಂಪನಿಗಳ ಗುಪ್ತ ಫೋಲ್ಡರ್‌ಗಳಲ್ಲಿ ಇರುವುದನ್ನೂ ಮೊದಲು ಹೊರಗೆ ತೆಗೆದು ಸಾಗಿಸಿ.

ಜೊತೆಯಲ್ಲೇ ಹಳೇ ನಂಬರನ್ನೂ ಬಿಡುವ ಯೋಚನೆ ಇದ್ದರೆ, ಮೊದಲು ಬ್ಯಾಂಕಿನಲ್ಲಿ, ಆಧಾರ್‌ನಲ್ಲಿ ಹೊಸ ನಂಬರ್ ಸೇರಿಸಿ. ಬಿಟ್ಟ ನಂಬರ್ 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು. ನಿಮ್ಮ ಓಟಿಪಿ ಕೂಡ ಅವರಿಗೇ ಹೋಗುತ್ತದೆ.

ಅಳಿಸುವುದು: ಒಂದೊಂದಾಗಿ ಬೇಡ

ರೀಸೆಟ್ ಮೇಲೆ ನಂಬಿಕೆ ಇಲ್ಲದ ಕೆಲವರು ಕೂತು ಫೋಟೋಗಳನ್ನು ಒಂದೊಂದಾಗಿ ಅಳಿಸುತ್ತಾರೆ. ಇದು ಎರಡು ರೀತಿಯಲ್ಲಿ ತಪ್ಪು. ಅಳಿಸಿದ್ದು ಟ್ರ್ಯಾಶ್‌ನಲ್ಲಿ ಇನ್ನೂ ದಿನಗಟ್ಟಲೆ ಇರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ಬ್ಯಾಕಪ್ ಆನ್ ಇದ್ದಾಗ ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಕ್ಲೌಡ್‌ನಿಂದಲೂ ಹೋಗುತ್ತದೆ, ಹೊಸ ಫೋನಿನಿಂದಲೂ ಹೋಗುತ್ತದೆ. ಐಕ್ಲೌಡ್‌ನಲ್ಲೂ ಹೀಗೇ. ಹಳೇ ಫೋನ್ ಖಾಲಿ ಮಾಡಲು ಹೋಗಿ ಮಗಳ ಮದುವೆ ಫೋಟೋ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಫ್ಯಾಕ್ಟರಿ ರೀಸೆಟ್ ಸಾಕಾ? ಈಚಿನ ಫೋನ್‌ಗಳಿಗೆ ಸಾಕು. ಒಳಗಿನ ಎಲ್ಲ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲಾಗದ ರೂಪದಲ್ಲಿರುತ್ತದೆ. ರೀಸೆಟ್ ಮಾಡಿದಾಗ ಆ ಕೀಲಿಯೇ ನಾಶವಾಗುತ್ತದೆ. ಉಳಿದದ್ದನ್ನು ಹೊರತೆಗೆದರೂ ಅರ್ಥವಿಲ್ಲದ ಅಕ್ಷರ ಅಷ್ಟೇ. ಈಗ ಬಳಕೆಯಲ್ಲಿರುವ ಐಫೋನ್‌ಗಳೂ, ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸದರೊಂದಿಗೇ ಮಾರಾಟವಾದ ಫೋನ್‌ಗಳೂ ಹೀಗೇ ಇರುತ್ತವೆ. ತೀರಾ ಹಳೆಯದಾದರೆ ಸೆಟ್ಟಿಂಗ್ಸ್‌ನ ಸೆಕ್ಯೂರಿಟಿಯಲ್ಲಿ ಎನ್‌ಕ್ರಿಪ್ಶನ್ ಆಗಿದೆಯೇ ನೋಡಿ. ಆಗಿರದಿದ್ದರೆ ಮೊದಲು ಅದನ್ನು ಮಾಡಿ ಆಮೇಲೆ ರೀಸೆಟ್ ಮಾಡಿ. ರೀಸೆಟ್ ಮೇಲೆ ರೀಸೆಟ್, ಮೆಮೊರಿ ತುಂಬಾ ಸಿನಿಮಾ ತುಂಬಿಸಿ ಅಳಿಸುವುದು, ಇವೆಲ್ಲ ಈಗಿನ ಫೋನಿಗೆ ಸುಮ್ನೆ ಕಾಲಹರಣ.

ಆದರೆ ರೀಸೆಟ್ ಮೆಮೊರಿ ಕಾರ್ಡನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಸಿಮ್ ಟ್ರೇ ಎಳೆದಾಗ ಅದರ ಪಕ್ಕದಲ್ಲಿ ಕೂತಿರುವ ಆ ಉಗುರಿನಷ್ಟು ಚಿಕ್ಕ ಕಾರ್ಡನ್ನು ಮರೆತೇ ಕೊಡುವವರು ಬಹಳ. ಎರಡನ್ನೂ ತೆಗೆಯಿರಿ.

ರೀಸೆಟ್‌ಗೆ ಮುಂಚೆ ಆಂಡ್ರಾಯ್ಡ್‌ನಲ್ಲಿ ಗೂಗಲ್ ಖಾತೆ ತೆಗೆಯಿರಿ. ಐಫೋನ್‌ನಲ್ಲಿ ಕಳೆದ ಫೋನ್ ಹುಡುಕಿಕೊಡುವ ಫೈಂಡ್ ಮೈ ಆಫ್ ಮಾಡಿ, ಖಾತೆಯಿಂದ ಹೊರಬನ್ನಿ. ಇಲ್ಲದಿದ್ದರೆ ಕೊಂಡವರು ಆನ್ ಮಾಡಿದಾಗ ನಿಮ್ಮ ಖಾತೆಯ ಪಾಸ್‌ವರ್ಡ್ ಕೇಳಬಹುದು. ಅವರು ಫೋನ್ ಮಾಡಿ "ಸ್ವಲ್ಪ ಪಾಸ್‌ವರ್ಡ್ ಹೇಳಿ ಸಾರ್" ಎನ್ನುತ್ತಾರೆ. ಹೇಳಬೇಡಿ, ಫೋನ್ ವಾಪಸ್ ತರಿಸಿ ನೀವೇ ಹಾಕಿಕೊಡಿ.

ಸ್ಕ್ರೀನ್ ಸತ್ತುಹೋಗಿದ್ದರೆ ರೀಸೆಟ್ ಮಾಡುವುದು ಹೇಗೆ? ಫೋನ್ ಆನ್ ಇದ್ದು, ನೆಟ್ ಸಿಗುತ್ತಿದ್ದರೆ, ಬೇರೆ ಫೋನಿನಿಂದ ಗೂಗಲ್‌ನ ಫೈಂಡ್ ಹಬ್ ಅಥವಾ ಆಪಲ್‌ನ ಫೈಂಡ್ ಮೈ ತೆರೆದು ದೂರದಿಂದಲೇ ಅಳಿಸಬಹುದು. ಅದೂ ಆಗದಿದ್ದರೆ ನನ್ನ ಪ್ರಕಾರ ಮಾರುವುದು ಬೇಡ, ಸಿಗುವ ಮುನ್ನೂರು ರೂಪಾಯಿ ಯಾವ ಲೆಕ್ಕ? ಇ-ತ್ಯಾಜ್ಯ ತೆಗೆದುಕೊಳ್ಳುವ ಕಂಪನಿಯ ಸರ್ವಿಸ್ ಸೆಂಟರ್‌ಗೆ ಕೊಡಿ. ಸುತ್ತಿಗೆಯಲ್ಲಿ ಕುಟ್ಟಲು ಹೋಗಬೇಡಿ. ಲಿಥಿಯಂ ಬ್ಯಾಟರಿಗೆ ಪೆಟ್ಟು ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು.

ಕೊಡುವ ಮುಂಚೆ *#06# ಒತ್ತಿ ಐಎಂಇಐ ನಂಬರ್ ಬರೆದುಕೊಳ್ಳಿ. ಯಾರಿಗೆ, ಯಾವ ದಿನ, ಎಷ್ಟಕ್ಕೆ ಕೊಟ್ಟಿರಿ ಎಂದು ಒಂದು ರಸೀದಿ ಬರೆಸಿಕೊಂಡು ಹಳೇ ಬಿಲ್ಲಿನ ಜೊತೆ ಪಿನ್ ಮಾಡಿಡಿ. ಮುಂದೆ ಆ ಫೋನಿನಿಂದ ಏನಾದರೂ ನಡೆದು ಪೊಲೀಸರು ವಿಚಾರಿಸಿದರೆ ತೋರಿಸಲು ಬೇಕಾಗುತ್ತದೆ. ಅದೇ ದಿನ ಹೊಸ ಫೋನಿನಲ್ಲಿ ಗೂಗಲ್ ಖಾತೆಯ ಡಿವೈಸ್ ಪಟ್ಟಿ ತೆರೆದು ಹಳೆಯದರ ಹೆಸರನ್ನು ಸೈನ್ ಔಟ್ ಮಾಡಿ. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ಕೂಡ ನೋಡಿ.

ಚಿಕ್ಕಮ್ಮ ಈ ಜನವರಿಯಲ್ಲಿ ಫೋನ್ ಬದಲಿಸಿದರು. ಪೇಟೆಯ ಅಂಗಡಿಯಲ್ಲಿ ಹೊಸದು ಕೊಂಡು, ಹಳೆಯದನ್ನು ಒಂಬತ್ತು ದಿನ ಮನೆಯಲ್ಲೇ ಇಟ್ಟುಕೊಂಡೆವು. ಐದನೇ ದಿನ ಚಿಕ್ಕಮ್ಮನಿಗೆ ನೆನಪಾಯಿತು, ಸಂಘದ ಸಾಲದ ಕಂತಿನ ಲೆಕ್ಕ ಹಳೇ ಫೋನಿನ ನೋಟ್ಸ್ ಆಪ್‌ನಲ್ಲಿದೆ, ಹೊಸದರಲ್ಲಿ ಬಂದಿಲ್ಲ ಅಂತ. ತೆರೆದು, ಒಂದೊಂದೇ ಸಾಲು ಪುಸ್ತಕಕ್ಕೆ ಬರೆದುಕೊಂಡರು. "ಗೇಟ್ ಬೀಗ" ಮಾತ್ರ ಎರಡೂ ಫೋನಿನಿಂದ ಅಳಿಸಿಸಿದೆ. ಹತ್ತನೇ ದಿನ ರೀಸೆಟ್ ಮಾಡಿ, ಭಾಷೆ ಯಾವುದು ಎಂದು ಕೇಳುವ ಮೊದಲ ಪರದೆ ಬಂದದ್ದನ್ನು ನೋಡಿಯೇ ಅಂಗಡಿಗೆ ಕೊಟ್ಟು ಬಂದೆವು.